ಫಿಲಿಪಿನೋ ಊಟ: ಹೊಸ ಕಾಲದ ರೆಸ್ಟೋರೆಂಟೋ, ಮನೆ ಅಡುಗೆಯೋ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಸಾಗರದ ಕಡೆಯವಳು. ಫಿಲಿಪೀನ್ಸ್ ರಾಜಧಾನಿ ಮನಿಲಾಕ್ಕೆ ಬಂದು ಒಂಬತ್ತು ವರ್ಷ ಆಯಿತು. ಕೆಲಸದ ಮೇಲೆ ಬರುವ ಕನ್ನಡಿಗರು, ದವಾವ್‌ನಲ್ಲಿ ಡಾಕ್ಟರ್ ಓದುವ ಮಕ್ಕಳನ್ನು ನೋಡಲು ಬರುವ ಅಪ್ಪ ಅಮ್ಮ, ಸುಮ್ನೆ ಊರು ನೋಡಲು ಬರುವ ನೆಂಟರು, ಎಲ್ಲರೂ ಊಟದ ವಿಷಯಕ್ಕೆ ಬಂದರೆ ಹೆಚ್ಚು ಕಡಿಮೆ ಇವೇ ಪ್ರಶ್ನೆ ಕೇಳುತ್ತಾರೆ. ಅದಕ್ಕೇ ಒಂದು ಕಡೆ ಬರೆದಿಟ್ಟಿದ್ದೇನೆ. ನನಗೆ ಈ ಅಡುಗೆ ಕಲಿಸಿದ್ದು ಪಕ್ಕದ ಮನೆಯ ಆತೆ. ಇಲ್ಲಿ ಆತೆ ಅಂದರೆ ಅಕ್ಕ. ನಾನು ಮೀನು ಮಾಂಸ ತಿನ್ನುತ್ತೇನೆ, ನಮ್ಮ ಯಜಮಾನರು ತಿನ್ನುವುದಿಲ್ಲ. ಹಾಗಾಗಿ ಎರಡೂ ಕಡೆಯ ಅನುಭವ ಇಲ್ಲಿದೆ.

ಆಧುನಿಕ ಫಿಲಿಪಿನೋ ಊಟ ಅಂದರೆ ಏನು?

ಮನೆಯಲ್ಲಿ ದಿನಾ ಮಾಡುವ ಅಡುಗೆಯನ್ನೇ ತೆಗೆದುಕೊಂಡು, ಬಾಣಸಿಗರು ಹೊಸದಾಗಿ ಯೋಚಿಸಿ ಬಡಿಸುವ ಊಟ. ಅದರಲ್ಲೂ ಬೇರೆ ಬೇರೆ ಥರ ಇದೆ. ಮಾಲ್‌ಗಳಲ್ಲಿರುವ ಮನಾಮ್‌ನಂಥ ಜಾಗಗಳಲ್ಲಿ ಹಳೇ ರೀತಿಯ ಅಡುಗೆಯೂ ಇರುತ್ತದೆ, ಅದರ ಪಕ್ಕದಲ್ಲೇ ಸ್ವಲ್ಪ ತಿರುವು ಕೊಟ್ಟ ಅಡುಗೆಯೂ ಇರುತ್ತದೆ. ಚಿಕ್ಕದು, ಮಧ್ಯಮ, ದೊಡ್ಡದು ಅಂತ ಮೂರು ಅಳತೆಯಲ್ಲಿ ಕೊಡುತ್ತಾರೆ. ಇಬ್ಬರೇ ಹೋದಾಗ ನಾಲ್ಕು ರುಚಿ ನೋಡಲು ಇದು ಅನುಕೂಲ. ಸಾರ್ಸಾದಂಥ ಕಡೆ ಒಂದು ಸೀಮೆಯ ಊಟಕ್ಕೇ ಹೆಚ್ಚು ಒತ್ತು. ಅವರದು ನೀಗ್ರೋಸ್ ದ್ವೀಪದ ರುಚಿ.

ಇನ್ನೊಂದು, ಸಣ್ಣ ಸಣ್ಣ ತಟ್ಟೆಗಳಲ್ಲಿ ಒಂದಾದ ಮೇಲೊಂದು ಬರುವ ದುಬಾರಿ ಊಟ. ಮನಿಲಾ ಪಕ್ಕದ ಮಕಾತಿಯಲ್ಲಿ ಬಾಣಸಿಗ ಜೋರ್ಡಿ ನವಾರ್ರಾ 2016ರಲ್ಲಿ ಶುರು ಮಾಡಿದ ಟೋಯೋ ಈಟರಿ ಈ ಸಾಲಿನಲ್ಲಿ ಎಲ್ಲರೂ ಮೊದಲು ಹೇಳುವ ಹೆಸರು. ಟೋಯೋ ಅಂದರೆ ಸೋಯಾ ಸಾಸ್. ಹಪಾಗ್ ಅಂತ ಇನ್ನೊಂದಿದೆ. ಹಪಾಗ್ ಅಂದರೆ ಊಟದ ಮೇಜು. ಲಿನಾಮ್ನಾಮ್ ಅಂದರೆ ರುಚಿ. ಹೆಸರುಗಳೇ ಮನೆಯ ಮಾತುಗಳು, ನೋಡಿ. 2025ರ ಅಕ್ಟೋಬರ್‌ನಲ್ಲಿ ಒಳ್ಳೆಯ ರೆಸ್ಟೋರೆಂಟುಗಳಿಗೆ ಸ್ಟಾರ್ ಕೊಟ್ಟು ಗುರುತಿಸುವ ಮಿಶೆಲಿನ್ ಗೈಡ್ ಮೊದಲ ಸಲ ಫಿಲಿಪೀನ್ಸ್‌ಗೆ ಬಂದಾಗ ಈ ಮೂರಕ್ಕೂ ಒಂದೊಂದು ಸ್ಟಾರ್ ಸಿಕ್ಕಿತು. ಅದಕ್ಕೂ ಮೊದಲೇ, 2022ರಲ್ಲಿ, ಅಮೆರಿಕದ ಶಿಕಾಗೋದಲ್ಲಿರುವ ಕಸಾಮಾಕ್ಕೆ ಸ್ಟಾರ್ ಬಂದಿತ್ತು. ಫಿಲಿಪಿನೋ ಊಟದ ರೆಸ್ಟೋರೆಂಟೊಂದಕ್ಕೆ ಸಿಕ್ಕ ಮೊದಲ ಸ್ಟಾರ್ ಅದೇ.

ಮನೆ ಊಟ ಹೇಗಿರುತ್ತದೆ?

ಅನ್ನ, ಅದಕ್ಕೊಂದು ಪದಾರ್ಥ. ಅಷ್ಟೇ. ಅನ್ನಕ್ಕೆ ಕಾನಿನ್ ಅನ್ನುತ್ತಾರೆ, ಜೊತೆಗಿರುವುದಕ್ಕೆ ಉಲಾಮ್. ನಮ್ಮಲ್ಲಿ 'ಇವತ್ತು ಏನು ಸಾರು?' ಅಂತ ಕೇಳಿದ ಹಾಗೆ ಇಲ್ಲಿ 'ಇವತ್ತು ಏನು ಉಲಾಮ್?' ಅಂತ ಕೇಳುತ್ತಾರೆ. ಅನ್ನ ಕೇಳುವ ಅಗತ್ಯವೇ ಇಲ್ಲ, ಅದು ಇದ್ದೇ ಇರುತ್ತದೆ.

ಬಹಳಷ್ಟು ಅಡುಗೆ ಶುರುವಾಗುವುದು ಗಿನಿಸಾದಿಂದ. ಎಣ್ಣೆಗೆ ಬೆಳ್ಳುಳ್ಳಿ, ಈರುಳ್ಳಿ, ಟೊಮೆಟೊ ಹಾಕಿ ಬಾಡಿಸುವುದು. ನಮ್ಮ ಒಗ್ಗರಣೆ ಇದ್ದ ಹಾಗೆ, ಸಾಸಿವೆ ಕರಿಬೇವು ಇಲ್ಲ ಅಷ್ಟೇ. ಅಳತೆ ಎಲ್ಲ ಕೈ ಅಂದಾಜು. ಅದಕ್ಕೆ ತಾಂಚಾ ಅನ್ನುತ್ತಾರೆ. ಆತೆಯ ಹತ್ತಿರ 'ಎಷ್ಟು ಚಮಚ?' ಅಂತ ಕೇಳಿದರೆ 'ವಾಸನೆ ನೋಡು' ಅನ್ನುತ್ತಾರೆ. ನಮ್ಮಜ್ಜಿಯೂ ಇದನ್ನೇ ಹೇಳುತ್ತಿದ್ದರು.

ಒಂದೇ ಅಡುಗೆಯನ್ನು ಎರಡೂ ಕಡೆ ತಿಂದರೆ ನಿಜವಾಗಲೂ ಅಷ್ಟು ವ್ಯತ್ಯಾಸ ಗೊತ್ತಾಗುತ್ತದಾ?

ಗೊತ್ತಾಗುತ್ತದೆ. ಸಿನಿಗಾಂಗ್‌ನಲ್ಲಿ ಎಲ್ಲಕ್ಕಿಂತ ಜಾಸ್ತಿ. ಸಿನಿಗಾಂಗ್ ಅಂದರೆ ಹುಳಿ ಸಾರು. ಹಂದಿ ಮಾಂಸ, ಮೀನು ಅಥವಾ ಸೀಗಡಿ, ಜೊತೆಗೆ ಮೂಲಂಗಿ, ಬದನೆ, ಅಲಸಂದೆ ಕಾಯಿ, ನೀರಲ್ಲಿ ಬೆಳೆಯುವ ಕಾಂಗ್‌ಕಾಂಗ್ ಸೊಪ್ಪು.

ಆತೆ ಮಾಡುವುದನ್ನು ಹೇಳುತ್ತೇನೆ. ಶನಿವಾರ ಬೆಳಿಗ್ಗೆ ಸಂತೆಯಿಂದ ಹಸಿ ಹುಣಸೆಕಾಯಿ ತರುತ್ತಾರೆ. ಅದನ್ನು ಸಿಪ್ಪೆ ಸಮೇತ ಕುದಿಯಲು ಇಡುತ್ತಾರೆ. ಸಿಪ್ಪೆ ಬಿರಿದ ಮೇಲೆ ಬಟ್ಟಲಿಗೆ ತೆಗೆದು, ಸೌಟಿನ ಹಿಂಭಾಗದಿಂದ ಒತ್ತಿ ಒತ್ತಿ ಕಿವುಚಿ, ಸೋಸುತ್ತಾರೆ. ಸಾರಿಗೆ ಬರೀ ನೀರು ಹಾಕುವುದಿಲ್ಲ, ಅಕ್ಕಿ ತೊಳೆದ ಎರಡನೇ ನೀರು ಹಾಕುತ್ತಾರೆ. ನಮ್ಮ ಕಡೆ ಆ ನೀರು ಅಕ್ಕಚ್ಚಿನ ಬಾನಿಗೆ ಸೇರಿ ದನಕ್ಕೆ ಹೋಗುತ್ತಿತ್ತು. ಇಲ್ಲಿ ಅದೇ ಸಾರಿಗೆ ಮೈ ಕೊಡುತ್ತದೆ. ಕೊನೆಗೆ ಉದ್ದನೆಯ ಹಸಿಮೆಣಸಿನಕಾಯಿಯನ್ನು ಮುರಿಯದೆ ಇಡಿಯಾಗಿ ಮೇಲಿಡುತ್ತಾರೆ. ಖಾರಕ್ಕಲ್ಲ, ಘಮಕ್ಕೆ. ಮೊದಲ ಗುಟುಕಿಗೆ ದವಡೆಯ ಹಿಂದೆ ಜುಂ ಅನ್ನಬೇಕು. ಕಣ್ಣು ತಾನಾಗೇ ಕಿರಿದಾಗಬೇಕು. ಆಗ ಆತೆಗೆ ಸಮಾಧಾನ.

ಮನಾಮ್‌ನಲ್ಲಿ ಗೋಮಾಂಸದ ಪಕ್ಕೆಲುಬಿನ ಜೊತೆ ಕಲ್ಲಂಗಡಿ ಹಾಕಿದ ಸಿನಿಗಾಂಗ್ ಸಿಗುತ್ತದೆ. ಆತೆಯನ್ನು ಒಮ್ಮೆ ಕರೆದುಕೊಂಡು ಹೋಗಿದ್ದೆ. ಮೊದಲು ಬರೀ ಸಾರು ಕುಡಿದರು. ಆಮೇಲೆ ಕಲ್ಲಂಗಡಿಯ ಒಂದು ತುಂಡು ತಿಂದು ಸುಮ್ಮನೆ ಕೂತರು. ಹುಳಿ ಮೊದಲು ಬರುತ್ತದೆ, ಹಣ್ಣು ಕಚ್ಚಿದಾಗ ಸಿಹಿ ನೀರು ಬಿಟ್ಟು ಹುಳಿ ಇಳಿಯುತ್ತದೆ, ಮತ್ತೆ ಸಾರು ಕುಡಿದರೆ ಹುಳಿ ಇನ್ನೂ ಚುರುಕಾಗಿ ತಾಗುತ್ತದೆ. 'ಇದು ಸಿನಿಗಾಂಗೇ' ಅಂದರು. ಅವರ ಬಾಯಲ್ಲಿ ಅದು ದೊಡ್ಡ ಮಾತು. ಆದರೆ ಎರಡನೇ ಬಟ್ಟಲಿಗೆ ಮೊದಲು ಪಾತಿಸ್ ಕೇಳಿದರು. ಪಾತಿಸ್ ಅಂದರೆ ಮೀನಿನಿಂದ ಇಳಿಸಿದ ಉಪ್ಪು ರಸ. ಅದಕ್ಕೊಂದು ಮೆಣಸು ಜಜ್ಜಿಕೊಂಡು, ಮಾಂಸ ಅದ್ದಿಕೊಂಡು ತಿಂದರು.

ಎಲ್ಲದಕ್ಕೂ ಏನೋ ಅದ್ದಿಕೊಂಡು ತಿನ್ನುತ್ತಾರಲ್ಲ, ಅದು ಯಾಕೆ?

ಇದೇ ಇಡೀ ವಿಷಯದ ತಿರುಳು. ಅದಕ್ಕೆ ಸಾವ್‌ಸಾವನ್ ಅನ್ನುತ್ತಾರೆ. ನಮ್ಮ ಭಾಷೆಯಲ್ಲಿ ಸರಿಯಾದ ಮಾತಿದೆ: ನೆಂಚಿಕೊಳ್ಳುವುದು.

ಮನೆಯ ಮೇಜಿನ ಮೇಲೆ ನಾಲ್ಕೈದು ಪುಟ್ಟ ಬಟ್ಟಲು ಇದ್ದೇ ಇರುತ್ತವೆ. ಒಂದರಲ್ಲಿ ಸೂಕಾ, ಅಂದರೆ ವಿನೆಗರ್, ಬೆಳ್ಳುಳ್ಳಿ ಮೆಣಸು ಜಜ್ಜಿ ಹಾಕಿದ್ದು. ಒಂದರಲ್ಲಿ ಟೋಯೋ, ಅದಕ್ಕೆ ಹಿಂಡಲು ಕಲಮನ್ಸಿ. ಕಲಮನ್ಸಿ ಗೋಲಿಯಷ್ಟೇ ಪುಟ್ಟ ನಿಂಬೆ, ಕಿತ್ತಳೆಯ ಘಮ ಇರುತ್ತದೆ. ಇನ್ನೊಂದರಲ್ಲಿ ಪಾತಿಸ್, ಮತ್ತೊಂದರಲ್ಲಿ ಬಾಗೋಂಗ್, ಅಂದರೆ ಸೀಗಡಿ ಅಥವಾ ಸಣ್ಣ ಮೀನನ್ನು ಉಪ್ಪು ಹಾಕಿ ಹುದುಗಿಸಿದ್ದು. ಒಬ್ಬೊಬ್ಬರೂ ತಮಗೆ ಬೇಕಾದ ಹಾಗೆ ಕಲಸಿಕೊಳ್ಳುತ್ತಾರೆ.

ಮನೆಯಲ್ಲಿ ಅಡುಗೆ ಮಾಡಿದವರು ಕೊನೆಯ ಹನಿಯವರೆಗೂ ರುಚಿ ಕಟ್ಟುವುದಿಲ್ಲ. ಸ್ವಲ್ಪ ಬಿಟ್ಟಿರುತ್ತಾರೆ. ಆ ಉಳಿದ ಭಾಗ ಉಣ್ಣುವವರದು. ಆತೆಯ ಗಂಡನಿಗೆ ಉಪ್ಪು ಕಡಿಮೆ ಬೇಕು, ಮಗನಿಗೆ ಖಾರ ಬೇಕು, ಅವರ ಅತ್ತೆಗೆ ಬರೀ ಹುಳಿ ಬೇಕು. ಒಂದೇ ಪಾತ್ರೆಯ ಅಡುಗೆ ನಾಲ್ಕು ತಟ್ಟೆಯಲ್ಲಿ ನಾಲ್ಕು ರುಚಿ. ಯಾರೂ ಯಾರಿಗೂ ಬೇಜಾರು ಮಾಡುವುದಿಲ್ಲ. ಡೋರೀನ್ ಫೆರ್ನಾಂಡೆಸ್ ಅನ್ನುವ ಹೆಸರಾಂತ ಲೇಖಕಿ ಈ ಅಭ್ಯಾಸದ ಬಗ್ಗೆ ವರ್ಷಗಟ್ಟಲೆ ಹಿಂದೆಯೇ ಪ್ರೀತಿಯಿಂದ ಬರೆದಿದ್ದಾರೆ.

ದುಬಾರಿ ರೆಸ್ಟೋರೆಂಟಿನಲ್ಲಿ ಸಾಮಾನ್ಯವಾಗಿ ಇದು ತಿರುವುಮುರುವು. ತಟ್ಟೆ ಬರುವಾಗಲೇ ಎಲ್ಲ ಮುಗಿದಿರುತ್ತದೆ. ಹುಳಿ ಎಷ್ಟು, ಉಪ್ಪು ಎಷ್ಟು ಅಂತ ಬಾಣಸಿಗರು ತೀರ್ಮಾನ ಮಾಡಿಬಿಟ್ಟಿರುತ್ತಾರೆ. ಅವರ ಕೈ ನುರಿತ ಕೈ, ಆ ತೀರ್ಮಾನ ಬಹಳ ಸಲ ನನ್ನದಕ್ಕಿಂತ ಚೆನ್ನಾಗಿರುತ್ತದೆ, ಅದನ್ನು ಒಪ್ಪುತ್ತೇನೆ. ಆದರೆ ಈ ಊಟದಲ್ಲಿ ಉಣ್ಣುವವರಿಗೂ ಒಂದು ಕೆಲಸ ಇದೆ. ಆ ಕೆಲಸವನ್ನು ಪೂರ್ತಿ ಕಿತ್ತುಕೊಂಡರೆ ಎಷ್ಟೇ ಚೆಂದದ ತಟ್ಟೆಯಾದರೂ ನನಗೆ ಏನೋ ಬಿಟ್ಟುಹೋದ ಹಾಗೆ ಅನಿಸುತ್ತದೆ.

ಹಾಗಾದರೆ ರೆಸ್ಟೋರೆಂಟಿನಲ್ಲಿ ಸಾವ್‌ಸಾವನ್ ಕೇಳಿದರೆ ತಪ್ಪಾ?

ಖಂಡಿತ ತಪ್ಪಲ್ಲ, ಕೇಳಿ. ಮಾಲ್‌ಗಳ ರೆಸ್ಟೋರೆಂಟಿನಲ್ಲಿ ಕೇಳುವ ಮೊದಲೇ ತಂದಿಡುತ್ತಾರೆ. ಒಂದು ಹೊಸ ಜಾಗದಲ್ಲಿ ಮಾತ್ರ ನನಗೆ ನೋವಾಗಿತ್ತು. ಅಲ್ಲಿ ಸಿನಿಗಾಂಗ್ ಅಂತ ಕೊಟ್ಟಿದ್ದು ಹಂದಿ ಮಾಂಸದ ಮೇಲೆ ಸುರಿದ ಗಟ್ಟಿ ಸಾಸ್. ಹುಳಿ ನಾಲಿಗೆಗೆ ತಾಕಲೇ ಇಲ್ಲ. ಸ್ವಲ್ಪ ಕಲಮನ್ಸಿ, ಪಾತಿಸ್ ಕೊಡಿ ಅಂದೆ. 'ಶೆಫ್ ಹೇಗೆ ಕೊಟ್ಟಿದ್ದಾರೋ ಹಾಗೇ ತಿನ್ನಬೇಕು' ಅಂದರು. ಜೊತೆಗಿದ್ದ ಆಫೀಸಿನ ಗೆಳತಿ ಇಲ್ಲೇ ಹುಟ್ಟಿ ಬೆಳೆದವಳು. ಅವಳ ಮುಖ ಸಣ್ಣದಾಯಿತು. ಅವಳ ಊಟವನ್ನು ಅವಳಿಗೇ ಹೇಗೆ ತಿನ್ನಬೇಕು ಅಂತ ಹೇಳಿದ ಹಾಗಾಯಿತು ಅಲ್ವಾ?

ನನ್ನ ಅಳತೆ ಈಗ ಸರಳ. ಹೊಸ ಜಾಗಕ್ಕೆ ಹೋದರೆ ಮೊದಲು ಸೂಕಾ ಕೇಳುತ್ತೇನೆ. 'ಯಾವುದು ಬೇಕು? ಕಬ್ಬಿನದಾ, ತೆಂಗಿನದಾ, ನೀಪಾ ತಾಳೆಯದಾ?' ಅಂತ ತಿರುಗಿ ಕೇಳಿದರೆ ಒಳ್ಳೆಯ ಅಡುಗೆಮನೆಗೆ ಬಂದಿದ್ದೇನೆ ಅಂತ ಅರ್ಥ.

ಟೋಯೋ ಈಟರಿಯ 18 ತರಕಾರಿಯ ತಟ್ಟೆ ಅಷ್ಟು ಹೆಸರು ಮಾಡಿದ್ದು ಯಾಕೆ?

ಇಲ್ಲಿನ ಮಕ್ಕಳೆಲ್ಲ ಶಾಲೆಗೆ ಹೋಗುವ ಮೊದಲೇ ಕಲಿಯುವ ಒಂದು ಜನಪದ ಹಾಡಿದೆ, 'ಬಹಾಯ್ ಕುಬೋ'. ಒಂದು ಪುಟ್ಟ ಹುಲ್ಲಿನ ಮನೆ, ಅದರ ಸುತ್ತ ಬೆಳೆದ ಗಿಡಗಳು. ಹಾಡಿನಲ್ಲಿ 18 ಬೆಳೆಗಳ ಹೆಸರು ಬರುತ್ತವೆ. ಆ ಹದಿನೆಂಟನ್ನೂ ಒಂದೇ ತಟ್ಟೆಗೆ ತಂದಿದ್ದಾರೆ, ಒಂದೊಂದನ್ನು ಒಂದೊಂದು ರೀತಿಯಲ್ಲಿ ಹದ ಮಾಡಿ.

ನನಗೆ ಮೈ ಜುಂ ಅಂದಿದ್ದು ಬೇರೆ ಕಾರಣಕ್ಕೆ. ಆ ಪಟ್ಟಿ ಕನ್ನಡದಲ್ಲಿ ಓದಿ ನೋಡಿ: ಬದನೆ, ಶೇಂಗಾ, ಅಲಸಂದೆ, ಅವರೆ, ಬೂದುಗುಂಬಳ, ಹೀರೆಕಾಯಿ, ಸೋರೆಕಾಯಿ, ಸಿಹಿಗುಂಬಳ, ಮೂಲಂಗಿ, ಸಾಸಿವೆ, ಈರುಳ್ಳಿ, ಟೊಮೆಟೊ, ಬೆಳ್ಳುಳ್ಳಿ, ಶುಂಠಿ, ಎಳ್ಳು. ನಮ್ಮಜ್ಜಿಯ ಹಿತ್ತಲೇ ಅದು! ಉಳಿದ ಮೂರೂ ಒಂದು ಗೆಡ್ಡೆ, ಎರಡು ಅವರೆ ಜಾತಿಯ ಕಾಯಿಗಳು. ಮದುವೆಯ ದಿನಕ್ಕೆ ಅಂತ ನಾವು ಒಮ್ಮೆ ಅಲ್ಲಿಗೆ ಹೋಗಿದ್ದಾಗ ಪಕ್ಕದ ಮೇಜಿನಲ್ಲಿ ಒಬ್ಬ ಹಿರಿಯರು ತಟ್ಟೆ ನೋಡುತ್ತಾ ಬೆರಳು ಮಡಚಿ ಎಣಿಸುತ್ತಿದ್ದರು. ತುಟಿ ಮಾತ್ರ ಅಲ್ಲಾಡುತ್ತಿತ್ತು. ಹಾಡನ್ನು ಮನಸ್ಸಿನಲ್ಲೇ ಹೇಳಿಕೊಂಡು ಒಂದೊಂದೇ ತರಕಾರಿ ಹುಡುಕುತ್ತಿದ್ದರು. ಉಣ್ಣುವವರಿಗೆ ಅಲ್ಲೂ ಒಂದು ಕೆಲಸ ಸಿಕ್ಕಿತ್ತು ನೋಡಿ.

ಅಡೋಬೋ ಹೊರಗೆ ತಿನ್ನಬೇಕಾ, ಮನೆಯಲ್ಲಾ?

ಮನೆಯಲ್ಲಿ. ಇದರಲ್ಲಿ ನನಗೆ ಎರಡು ಮಾತಿಲ್ಲ.

ಅಡೋಬೋ ಅಂದರೆ ಕೋಳಿ ಅಥವಾ ಹಂದಿ ಮಾಂಸವನ್ನು ವಿನೆಗರ್ ಹಾಕಿ ಬೇಯಿಸಿದ್ದು. ಹೆಸರು ಸ್ಪ್ಯಾನಿಷ್, ಆದರೆ ವಿನೆಗರ್‌ನಲ್ಲಿ ಬೇಯಿಸಿ ಇಡುವ ರೀತಿ ಸ್ಪೇನಿನವರು ಬರುವ ಮೊದಲಿನಿಂದ ಇಲ್ಲಿಯದೇ. ಇಲ್ಲಿನ ಟಾಗಲೋಗ್ ಭಾಷೆಯ 1613ರ ಒಂದು ನಿಘಂಟಿನಲ್ಲಿ ಇದನ್ನು 'ಇಲ್ಲಿನ ಜನರ ಅಡೋಬೋ' ಅಂತಲೇ ಬರೆದಿದ್ದಾರೆ. ವಿನೆಗರ್, ಬೆಳ್ಳುಳ್ಳಿ, ಕಾಳುಮೆಣಸು, ಪಲಾವ್ ಎಲೆಯಂಥ ಒಂದು ಎಲೆ. ಸೋಯಾ ಸಾಸ್ ಆಮೇಲೆ ಚೀನೀಯರ ಒಡನಾಟದಿಂದ ಸೇರಿಕೊಂಡಿದ್ದು. ಕೆಲವು ಮನೆಗಳಲ್ಲಿ ಈಗಲೂ ಸೋಯಾ ಇಲ್ಲದ ಬಿಳಿ ಅಡೋಬೋ ಮಾಡುತ್ತಾರೆ. ಬತಾಂಗಾಸ್ ಕಡೆ ಅರಿಶಿನ ಹಾಕಿ ಹಳದಿ ಅಡೋಬೋ.

ಒಂದು ನಿಯಮ ಎಲ್ಲ ಮನೆಯಲ್ಲೂ ಕೇಳಿದ್ದೇನೆ. ವಿನೆಗರ್ ಹಾಕಿದ ಮೇಲೆ ಅದು ಕುದಿದು ಹಸಿ ವಾಸನೆ ಹೋಗುವವರೆಗೆ ಸೌಟು ಹಾಕಿ ತಿರುವಬಾರದು. ಇನ್ನೊಂದು, ಮಾಡಿದ ದಿನಕ್ಕಿಂತ ಮಾರನೇ ದಿನ ರುಚಿ ಜಾಸ್ತಿ. ನಮ್ಮ ಮೀನು ಸಾರಿನ ಹಾಗೆ. ಮೂರನೇ ದಿನ ಉಳಿದಿದ್ದನ್ನು ಎಣ್ಣೆಯಲ್ಲಿ ಹುರಿದು, ತಂಗಳನ್ನಕ್ಕೆ ಬೆಳ್ಳುಳ್ಳಿ ಹಾಕಿ ಹುರಿದ ಸಿನಾಂಗಾಗ್ ಜೊತೆ ತಿನ್ನುತ್ತಾರೆ. ಮೂರು ದಿನದ ಈ ಬದಲಾವಣೆಯನ್ನು ಒಂದು ಹೊತ್ತಿನ ರೆಸ್ಟೋರೆಂಟ್ ಊಟ ಹೇಗೆ ತೋರಿಸೀತು?

ಮತ್ತೆ ಹೊರಗೇ ತಿನ್ನಬೇಕಾದ್ದು ಯಾವುದು?

ಸಿಸಿಗ್. ಹಂದಿಯ ಮುಖ, ಕಿವಿ ಬೇಯಿಸಿ, ಕೆಂಡದಲ್ಲಿ ಸುಟ್ಟು, ಸಣ್ಣಗೆ ಕೊಚ್ಚಿ, ಕಾದ ಕಬ್ಬಿಣದ ತಟ್ಟೆಯಲ್ಲಿ ಚುರ್ ಅನ್ನುತ್ತಾ ಬರಬೇಕು. ಅಷ್ಟು ಕೆಲಸ ಮನೆಯಲ್ಲಿ ಯಾರು ಮಾಡುತ್ತಾರೆ? ಈಗಿನ ಸಿಸಿಗ್‌ಗೆ ರೂಪ ಕೊಟ್ಟಿದ್ದು ಪಂಪಾಂಗಾದ ಆಂಜೆಲೆಸ್ ನಗರದ ಲೂಸಿಯಾ ಕುನಾನನ್. ಎಲ್ಲರೂ ಅಲಿಂಗ್ ಲೂಸಿಂಗ್ ಅಂತಲೇ ಕರೆಯುತ್ತಿದ್ದರು. 1970ರ ದಶಕದಲ್ಲಿ ರೈಲು ಹಳಿಯ ಪಕ್ಕದ ಅಂಗಡಿಯಲ್ಲಿ ಶುರುವಾದದ್ದು ಇವತ್ತು ದೇಶದ ಎಲ್ಲಾ ಕಡೆ ಇದೆ. ಅವರ ಊರಿನವರು ಮೊಟ್ಟೆ, ಮಯೊನೇಸ್ ಹಾಕಿದರೆ ಒಪ್ಪುವುದಿಲ್ಲ. ನಾನೂ ಅವರ ಪಕ್ಷ.

ದೂರದ ಸೀಮೆಗಳ ಅಡುಗೆಯೂ ಹೊರಗೇ ಸುಲಭ. ಫಿಲಿಪೀನ್ಸ್ ಅಂದರೆ 7,641 ದ್ವೀಪ. ಮನಿಲಾದ ಎಷ್ಟೋ ಮನೆಗಳಲ್ಲಿ ದಕ್ಷಿಣದ ದ್ವೀಪವಾದ ಮಿಂದನಾವ್‌ನ ಮುಸ್ಲಿಮರ ಅಡುಗೆ ತಿಂದೇ ಗೊತ್ತಿಲ್ಲ. ಅಲ್ಲಿನ ಮರಾನಾವ್ ಜನರ ಪಲಾಪಾ ಅಂತ ಒಂದಿದೆ. ಒಂದು ಜಾತಿಯ ಈರುಳ್ಳಿ, ಶುಂಠಿ, ಮೆಣಸು ಕುಟ್ಟಿ ಮಾಡುವ ಖಾರದ ಚಟ್ನಿ. ನಮ್ಮವರಿಗೆ ಅದು ತುಂಬಾ ಹಿಡಿಸುತ್ತದೆ. ಸಾರ್ಸಾದಲ್ಲಿ ಕಾನ್ಸಿ ಅನ್ನುವ ಗೋಮಾಂಸದ ಅಡುಗೆಗೆ ಹುಳಿ ಬರುವುದು ಬತ್ವಾನ್ ಕಾಯಿಯಿಂದ. ಬತ್ವಾನ್ ನಮ್ಮ ಮುರುಗಲು, ಉಪ್ಪಾಗೆಯ ಜಾತಿಯದೇ ಮರ. ನಾನು ಮಲೆನಾಡಿನವಳು, ಆ ಹುಳಿ ನನಗೆ ಹೇಳಿಕೊಡಬೇಕಾಗಿ ಬರಲಿಲ್ಲ.

'ನಮ್ಮಮ್ಮ ಇದನ್ನು ಇನ್ನೂ ಚೆನ್ನಾಗಿ ಮಾಡುತ್ತಾರೆ, ಇದಕ್ಕೆ ಇಷ್ಟು ದುಡ್ಡಾ?' ಅಂತ ಫಿಲಿಪಿನೋಗಳೇ ಹೇಳುತ್ತಾರಂತೆ?

ಹೇಳುತ್ತಾರೆ. ಸ್ಟಾರ್ ಹೋಟೆಲಿನಲ್ಲಿ ರಾಗಿ ಮುದ್ದೆಯ ಬೆಲೆ ನೋಡಿ ನಾವು ಹೇಳುವುದಿಲ್ಲವಾ? ಇಟಾಲಿಯನ್ ಊಟಕ್ಕೆ ಕೇಳದೆ ಕೊಡುವ ದುಡ್ಡನ್ನು ಅಮ್ಮನ ಅಡುಗೆಗೆ ಕೊಡಲು ಕೈ ಹಿಂದೆ ಹೋಗುತ್ತದೆ. ದಿನಾ ಸಿಗುವುದರ ಶ್ರಮ ಕಣ್ಣಿಗೆ ಕಾಣುವುದಿಲ್ಲ.

ಆದರೆ ಒಳ್ಳೆಯ ರೆಸ್ಟೋರೆಂಟಿಗೆ ಕೊಟ್ಟ ದುಡ್ಡು ಎಲ್ಲಿಗೆ ಹೋಗುತ್ತದೆ ಅಂತಲೂ ನೋಡಬೇಕು. ಬೊಹೋಲ್ ದ್ವೀಪದ ಅಸಿನ್ ತಿಬೂಓಕ್ ಉಪ್ಪನ್ನೇ ತೆಗೆದುಕೊಳ್ಳಿ. ತೆಂಗಿನ ಸಿಪ್ಪೆಯನ್ನು ತಿಂಗಳುಗಟ್ಟಲೆ ಸಮುದ್ರದ ನೀರಲ್ಲಿ ನೆನೆಸುತ್ತಾರೆ. ಒಣಗಿಸಿ ಸುಡುತ್ತಾರೆ. ಆ ಬೂದಿಯ ಮೂಲಕ ಮತ್ತೆ ಸಮುದ್ರದ ನೀರು ಸೋಸಿ, ಮಣ್ಣಿನ ಮಡಕೆಯಲ್ಲಿ ಗಂಟೆಗಟ್ಟಲೆ ಕುದಿಸುತ್ತಾರೆ. ಕೊನೆಗೆ ಮಡಕೆಯಲ್ಲಿ ದೊಡ್ಡ ಮೊಟ್ಟೆಯ ಹಾಗೆ ಉಪ್ಪಿನ ಗಟ್ಟಿ ಉಳಿಯುತ್ತದೆ, ಮಡಕೆ ಒಡೆಯುತ್ತದೆ. 1995ರಲ್ಲಿ ಉಪ್ಪಿಗೆ ಅಯೋಡಿನ್ ಕಡ್ಡಾಯ ಮಾಡುವ ಕಾನೂನು ಬಂದ ಮೇಲೆ ಇಂಥ ಉಪ್ಪು ಮಾಡುವವರಿಗೆ ದೊಡ್ಡ ಪೆಟ್ಟು ಬಿತ್ತು. ಈಗ ಬೆರಳೆಣಿಕೆಯ ಕುಟುಂಬಗಳು ಮಾತ್ರ ಮಾಡುತ್ತವೆ. ಅವರ ಉಪ್ಪನ್ನು ಅವರು ಹೇಳಿದ ಬೆಲೆಗೆ ಕೊಳ್ಳುವವರಲ್ಲಿ ಈ ಹೊಸ ಅಡುಗೆಮನೆಗಳೂ ಇವೆ. ಮನೆಯವರು ಅಷ್ಟು ದುಡ್ಡು ಕೊಟ್ಟು ದಿನಾ ಉಪ್ಪು ತರಲು ಆಗುವುದಿಲ್ಲ. ಈ ಕೆಲಸ ರೆಸ್ಟೋರೆಂಟಿನವರೇ ಮಾಡಬೇಕು. ಮಾಡುತ್ತಿರುವವರನ್ನು ಕಂಡರೆ ನನಗೆ ಗೌರವ.

ಮನೆ ಅಡುಗೆ ಅಂದರೆ ಎಲ್ಲಾ ಅಪ್ಪಟವಾಗಿರುತ್ತದಾ?

ಇಲ್ಲ. ಹುಳಿ ಸಾರಿಗೆ ಪುಡಿಯ ಪೊಟ್ಟಣ ಬಳಸದ ಮನೆ ಮನಿಲಾದಲ್ಲಿ ಕಡಿಮೆ. ಅಂಗಡಿಯಲ್ಲಿ ಸಿನಿಗಾಂಗ್ ಪುಡಿ ಸಾಲು ಸಾಲಾಗಿ ತೂಗಾಡುತ್ತಿರುತ್ತದೆ. ಇಬ್ಬರೂ ಕೆಲಸಕ್ಕೆ ಹೋಗಿ, ಟ್ರಾಫಿಕ್‌ನಲ್ಲಿ ಎರಡು ಗಂಟೆ ಕಳೆದು, ರಾತ್ರಿ ಎಂಟಕ್ಕೆ ಮನೆ ಸೇರುವವರು ಹುಣಸೆ ಕಿವುಚುತ್ತಾ ಕೂರಲು ಆಗುತ್ತದಾ? ಆತೆಯೂ ವಾರದ ದಿನಗಳಲ್ಲಿ ಪೊಟ್ಟಣವೇ. ನಾವು ಸಾರಿನ ಪುಡಿ ತರುವುದಿಲ್ಲವಾ, ಹಾಗೇ.

ಹಾಗೆ ನೋಡಿದರೆ ಹಸಿ ಹುಣಸೆ, ಬಿಂಬುಳಿ, ಪೇರಲೆ ಅಂತ ಹಳೇ ಹುಳಿಗಳನ್ನು ದಿನಾ ಬಳಸುವುದು ಈಗ ಕೆಲವು ರೆಸ್ಟೋರೆಂಟುಗಳೇ. ಹೌದು, ಬಿಂಬುಳಿ ಇಲ್ಲೂ ಇದೆ, ಕಾಮಿಯಾಸ್ ಅನ್ನುತ್ತಾರೆ.

ಸಸ್ಯಾಹಾರಿಗಳಿಗೆ ಏನಾದರೂ ಸಿಗುತ್ತದಾ?

ಕಷ್ಟ ಇದೆ, ಆದರೆ ಉಪವಾಸ ಇರಬೇಕಾಗಿಲ್ಲ. ತೊಂದರೆ ಏನೆಂದರೆ ತರಕಾರಿ ಅಡುಗೆಗೂ ಪಾತಿಸ್, ಬಾಗೋಂಗ್ ಅಥವಾ ಹಂದಿ ಮಾಂಸದ ಚೂರು ಹಾಕುತ್ತಾರೆ. ಹಾಗಲಕಾಯಿ, ಬದನೆ, ಬೆಂಡೆ, ಕುಂಬಳ ಎಲ್ಲ ಇರುವ ಪಿನಕ್ಬೆತ್ ನೋಡಿದರೆ ಆಸೆಯಾಗುತ್ತದೆ, ಆದರೆ ಬಾಗೋಂಗ್ ಇಲ್ಲದೆ ಅದನ್ನು ಮಾಡುವವರು ಕಡಿಮೆ. 'ವೆಜ್' ಅಂದರೆ ಸಾಕಾಗುವುದಿಲ್ಲ. 'ವಾಲಾಂಗ್ ಕಾರ್ನೆ, ವಾಲಾಂಗ್ ಇಸ್ದಾ, ವಾಲಾಂಗ್ ಪಾತಿಸ್, ವಾಲಾಂಗ್ ಬಾಗೋಂಗ್' ಅಂತ ಬಿಡಿಸಿ ಹೇಳಿ. ಮಾಂಸ, ಮೀನು, ಪಾತಿಸ್, ಬಾಗೋಂಗ್ ಯಾವುದೂ ಬೇಡ ಅಂತ ಅರ್ಥ. ಮೊದಲ ವರ್ಷ ಒಂದು ಕಡೆ ಬರೀ 'ಮಾಂಸ ಬೇಡ' ಅಂದಿದ್ದೆವು. ತಿಂದು ಮುಗಿಸಿದ ಮೇಲೆ ಅದರಲ್ಲಿ ಸೀಗಡಿ ಇತ್ತು ಅಂತ ಗೊತ್ತಾಯಿತು. ಯಜಮಾನರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಈ ವಿಷಯದಲ್ಲಿ ರೆಸ್ಟೋರೆಂಟ್ ವಾಸಿ. ಮೊದಲೇ ತಿಳಿಸಿದರೆ ಎಷ್ಟೋ ಕಡೆ ಬೇರೆ ಮಾಡಿಕೊಡುತ್ತಾರೆ. ಸುಟ್ಟ ಬದನೆಕಾಯಿಯ ಎನ್ಸಲಾದಾ ಕೇಳಿ. ಸಿಪ್ಪೆ ತೆಗೆದು, ಈರುಳ್ಳಿ ಟೊಮೆಟೊ ವಿನೆಗರ್ ಹಾಕಿರುತ್ತಾರೆ. ಬಾಗೋಂಗ್ ಬೇಡ ಅಂದುಬಿಟ್ಟರೆ ನಮ್ಮ ಸುಟ್ಟ ಬದನೆಕಾಯಿ ಗೊಜ್ಜಿನ ತಂಗಿ ಅದು. ಬೆಳಿಗ್ಗೆ ಬೀದಿಯಲ್ಲಿ 'ತಾಹೋ' ಅಂತ ಉದ್ದಕ್ಕೆ ಕೂಗುತ್ತಾ ಬರುವವರ ಹತ್ತಿರ ಬಿಸಿ ಬಿಸಿ ಮೆತ್ತನೆಯ ತೋಫು, ಮೇಲೆ ಬೆಲ್ಲದ ಪಾಕದಂಥ ಸಿಹಿ ಪಾಕ, ಸಾಗೋ ಕಾಳು. ಯೋಚನೆ ಮಾಡದೆ ತಿನ್ನಿ.

ನಮ್ಮ ಅಡುಗೆಗೆ ಹತ್ತಿರದ್ದು ಏನಿದೆ?

ಬೇಕಾದಷ್ಟಿದೆ. ಬಿಕೋಲ್ ಸೀಮೆಯ ಲಾಯಿಂಗ್ ಅಂದರೆ ಕೆಸುವಿನ ಎಲೆಯನ್ನು ಒಣಗಿಸಿ ತೆಂಗಿನ ಹಾಲಿನಲ್ಲಿ ಬೇಯಿಸಿದ್ದು. ಬೇಯುವ ಮೊದಲು ಕದಡಿದರೆ ಬಾಯಿ ತುರಿಸುತ್ತದೆ ಅನ್ನುತ್ತಾರೆ. ಕೆಸುವಿನ ತುರಿಕೆ ಯಾವ ದೇಶದಲ್ಲಾದರೂ ಒಂದೇ. ಪತ್ರೊಡೆ ತಿಂದವರಿಗೆ ಇದರ ರುಚಿ ಹೊಸದೇ ಅಲ್ಲ. ಎಳೆ ಹಲಸಿನಕಾಯಿಯನ್ನೂ ತೆಂಗಿನ ಹಾಲಿನಲ್ಲಿ ಮಾಡುತ್ತಾರೆ. ತಿನೋಲಾ ಅಂದರೆ ಶುಂಠಿ ಹಾಕಿದ ತಿಳಿಯಾದ ಕೋಳಿ ಸಾರು, ಅದಕ್ಕೆ ಪಪ್ಪಾಯಿ ಕಾಯಿ ಅಥವಾ ಸೀಮೆಬದನೆ, ಕೊನೆಗೆ ನುಗ್ಗೆಸೊಪ್ಪು. ಅತ್ಸಾರಾ ಅಂತ ಪಪ್ಪಾಯಿ ಕಾಯಿಯ ಉಪ್ಪಿನಕಾಯಿ ಇದೆ. ಆ ಹೆಸರು ನಮ್ಮ ದೇಶದ ಅಚಾರ್‌ನಿಂದಲೇ ಬಂದಿದ್ದು.

ಕಾರೆ-ಕಾರೆ ಅಂತ ಇನ್ನೊಂದಿದೆ. ಗೋವಿನ ಬಾಲದ ಮಾಂಸ, ಬಾಳೆಹೂವು, ಅಲಸಂದೆ, ಶೇಂಗಾ ಅರೆದ ಗಟ್ಟಿ ರಸ. 1762ರಿಂದ 1764ರವರೆಗೆ ಬ್ರಿಟಿಷರು ಮನಿಲಾ ಹಿಡಿದಿದ್ದಾಗ ಅವರ ಜೊತೆ ಮದ್ರಾಸಿನಿಂದ ಸಿಪಾಯಿಗಳು ಬಂದಿದ್ದರು. ಕೆಲವರು ಕೈಂತಾ ಅನ್ನುವ ಊರಿನಲ್ಲೇ ಉಳಿದುಬಿಟ್ಟರು. ಅವರ 'ಕರಿ'ಯೇ ಕಾರೆ-ಕಾರೆ ಆಯಿತು ಅಂತ ಜನ ಹೇಳುವ ಕಥೆ ಇದೆ.

ಖಾರ ಇರುವುದೇ ಇಲ್ಲವಂತೆ, ಎಲ್ಲಾ ಸಿಹಿಯಂತೆ?

ಬಿಕೋಲ್, ಮಿಂದನಾವ್ ಬಿಟ್ಟರೆ ಖಾರ ಕಡಿಮೆ, ನಿಜ. ಎಲ್ಲಾ ಸಿಹಿ ಅನ್ನುವುದು ಸುಳ್ಳು. ಹುಟ್ಟುಹಬ್ಬದ ಸ್ಪಗೆಟ್ಟಿ ಸಿಹಿ, ಅದಕ್ಕೆ ಬಾಳೆಹಣ್ಣಿನ ಕೆಚಪ್ ಹಾಕುತ್ತಾರೆ. ಆ ಕೆಚಪ್‌ಗೆ ದಾರಿ ಮಾಡಿದ್ದು ಮರಿಯಾ ಒರೋಸಾ ಅನ್ನುವ ಆಹಾರ ವಿಜ್ಞಾನಿ. ಊರಲ್ಲಿ ಸಿಗುವುದರಿಂದಲೇ ಜನರ ಹೊಟ್ಟೆ ತುಂಬಬೇಕು ಅಂತ ಬದುಕೆಲ್ಲ ದುಡಿದವರು. 1945ರಲ್ಲಿ ಮನಿಲಾದ ಯುದ್ಧದಲ್ಲಿ ತೀರಿಕೊಂಡರು. ಖಾರ ಬೇಕಾದರೆ ಸಿಲಿಂಗ್ ಲಬೂಯೋ ಕೇಳಿ, ನಮ್ಮ ಸೂಜಿಮೆಣಸಿನ ಹಾಗೆ ಪುಟ್ಟದು, ಖಾರ ಮಾತ್ರ ಜೋರು.

ಖರ್ಚು ಎಷ್ಟಾಗುತ್ತದೆ?

ಒಂದು ಪೆಸೊ ಅಂದರೆ ಸುಮಾರು ಒಂದೂವರೆ ರೂಪಾಯಿ ಅಂತ ಲೆಕ್ಕ ಇಟ್ಟುಕೊಳ್ಳಿ. ಬೀದಿ ಬದಿಯ ಕರಿಂದೇರಿಯಾದಲ್ಲಿ ನೂರು ಪೆಸೊ ಆಸುಪಾಸಿಗೆ ಅನ್ನ, ಒಂದು ಪದಾರ್ಥ ಸಿಗುತ್ತದೆ. ಪಾತ್ರೆಗಳ ಮುಚ್ಚಳ ತೆಗೆದು, ಬೇಕಾದ್ದನ್ನು ಬೆರಳಲ್ಲಿ ತೋರಿಸಿದರೆ ಬಡಿಸುತ್ತಾರೆ. ಅದಕ್ಕೇ ತುರೋ-ತುರೋ ಅಂತ ಇನ್ನೊಂದು ಹೆಸರು, ತೋರಿಸು-ತೋರಿಸು ಅಂತ. ಮನೆ ಊಟಕ್ಕೆ ಹೊರಗೆ ಸಿಗುವ ಅತಿ ಹತ್ತಿರದ ಊಟ ಇದೇ. ಸಣ್ಣ ತಟ್ಟೆಗಳ ದುಬಾರಿ ಊಟಕ್ಕೆ ಒಬ್ಬರಿಗೆ ಸಾವಿರಾರು ಪೆಸೊ ಆ ಕಡೆ. ಬಿಲ್ಲಿನಲ್ಲಿ 12% ತೆರಿಗೆ, ಬಹಳ ಕಡೆ 10% ಸರ್ವಿಸ್ ಚಾರ್ಜ್ ಇರುತ್ತದೆ, ಮೊದಲೇ ನೋಡಿಕೊಳ್ಳಿ. 60 ತುಂಬಿದ ಇಲ್ಲಿನ ಹಿರಿಯರಿಗೆ ಕಾನೂನಿನ ಪ್ರಕಾರ 20% ರಿಯಾಯಿತಿ ಇದೆ, ನಮಗೆ ಅನ್ವಯಿಸುವುದಿಲ್ಲ.

ಯಾರಾದರೂ ಮನೆಗೆ ಊಟಕ್ಕೆ ಕರೆದರೆ?

ಹೋಗಿ. ಯಾವ ರೆಸ್ಟೋರೆಂಟಿನ ಬುಕಿಂಗ್ ಇದ್ದರೂ ಅದನ್ನು ಬಿಟ್ಟು ಹೋಗಿ. ಇಲ್ಲಿ ಎದುರು ಸಿಕ್ಕವರನ್ನು 'ಕುಮಾಯಿನ್ ಕಾ ನಾ?' ಅಂತ ಮಾತಾಡಿಸುತ್ತಾರೆ. ಊಟ ಆಯ್ತಾ ಅಂತಲೇ ಅರ್ಥ. ಅದನ್ನು ಕೇಳಿದ ಮೊದಲ ದಿನ ನನಗೆ ಊರಿನ ಜಗಲಿ ನೆನಪಾಗಿತ್ತು. ಹೋಗುವಾಗ ಹಣ್ಣೋ ಸಿಹಿಯೋ ತೆಗೆದುಕೊಂಡು ಹೋಗಿ. ಚಮಚ ಫೋರ್ಕ್ ಇಟ್ಟಿರುತ್ತಾರೆ, ಕೈಯಲ್ಲಿ ಉಣ್ಣುತ್ತೇನೆ ಅಂದರೆ ಖುಷಿಪಡುತ್ತಾರೆ. ಕಮಾಯಾನ್ ಅಂತ ಬಾಳೆ ಎಲೆ ಹಾಸಿ, ಸಾಲಾಗಿ ಅನ್ನ ಸುರಿದು, ಎಲ್ಲರೂ ಒಟ್ಟಿಗೆ ಕೈಯಲ್ಲಿ ತಿನ್ನುವ ಪದ್ಧತಿಯೂ ಇದೆ. ಹೊರಡುವಾಗ ಡಬ್ಬಿಗೆ ಹಾಕಿ ಕೊಟ್ಟರೆ ಬೇಡ ಅನ್ನಬೇಡಿ.

ಊರಲ್ಲೇ ಮಾಡಿ ನೋಡಬಹುದಾ?

ಧಾರಾಳವಾಗಿ. ಅಡೋಬೋಗೆ ಮಂಗಳೂರಿನ ಕಡೆ ಸಿಗುವ ಕಳ್ಳಿನ ವಿನೆಗರ್ ತುಂಬಾ ಚೆನ್ನಾಗಿ ಹೊಂದುತ್ತದೆ. ಕಲಮನ್ಸಿ ಬದಲು ನಿಂಬೆರಸಕ್ಕೆ ಸ್ವಲ್ಪ ಕಿತ್ತಳೆ ರಸ ಸೇರಿಸಿ.

ಸಸ್ಯಾಹಾರಿಗಳು ಮೊಂಗೋದಿಂದ ಶುರು ಮಾಡಿ. ಹೆಸರುಕಾಳಿನ ಅಡುಗೆ ಇದು, ಶುಕ್ರವಾರ ಇಲ್ಲಿ ಬಹಳ ಮನೆಗಳಲ್ಲಿ ಮಾಡುತ್ತಾರೆ. ಒಂದು ಲೋಟ ಹೆಸರುಕಾಳನ್ನು ನಾಲ್ಕು ಲೋಟ ನೀರಲ್ಲಿ ಕರಗುವಷ್ಟು ಮೆತ್ತಗೆ ಬೇಯಿಸಿ. ಬೇರೆ ಬಾಣಲೆಯಲ್ಲಿ ಐದಾರು ಎಸಳು ಬೆಳ್ಳುಳ್ಳಿಯನ್ನು ಕಂದು ಬಣ್ಣ ಬರುವವರೆಗೆ ಹುರಿದು, ಒಂದು ಈರುಳ್ಳಿ, ಎರಡು ಟೊಮೆಟೊ ಹಾಕಿ ಗೊಜ್ಜಾಗುವವರೆಗೆ ಬಾಡಿಸಿ. ಕಾಳು ಸೇರಿಸಿ, ಪಾತಿಸ್ ಬದಲು ಸ್ವಲ್ಪ ಸೋಯಾ ಸಾಸ್, ಉಪ್ಪು ಹಾಕಿ. ಉಪ್ಪು ಒಂದು ಚಿಟಿಕೆ ಕಡಿಮೆಯೇ ಇರಲಿ. ಇಳಿಸುವ ಮೊದಲು ಎರಡು ಹಿಡಿ ನುಗ್ಗೆಸೊಪ್ಪು. ತೋಫು ಸಿಕ್ಕರೆ ಹುರಿದು ಪಕ್ಕಕ್ಕಿಡಿ. ಬಿಸಿ ಅನ್ನದ ಜೊತೆ ಬಡಿಸಿ. ತಟ್ಟೆಗಳ ನಡುವೆ ಒಂದು ಪುಟ್ಟ ಬಟ್ಟಲಲ್ಲಿ ವಿನೆಗರ್, ಸೋಯಾ, ಹೆಚ್ಚಿದ ಈರುಳ್ಳಿ, ಜಜ್ಜಿದ ಸೂಜಿಮೆಣಸು ಇಟ್ಟುಬಿಡಿ. ಎಷ್ಟು ಬೇಕೋ ಅವರವರೇ ಹಾಕಿಕೊಳ್ಳುತ್ತಾರೆ.